ಕಾಫಿ ತೋಟದ ಶಾಲೆಗೆ ಹೊಸದಾಗಿ ಬಂದ ಮಕ್ಕಳಿಗೆ ಜೊತೆಗಾರರಾಗುವುದು ಹೇಗೆ?

ಕಾಫಿ ಕುಯ್ಲು ಹತ್ತಿರ ಬರುತ್ತಿದ್ದಂತೆ ಚಿಕ್ಕಮಗಳೂರು, ಮೂಡಿಗೆರೆ, ಸಕಲೇಶಪುರ ಕಡೆಯ ಕಾಲೇಜು ಹುಡುಗ ಹುಡುಗಿಯರು ಒಂದೇ ಪ್ರಶ್ನೆ ಕೇಳುತ್ತಾರೆ. "ನಮ್ಮೂರ ಸರ್ಕಾರಿ ಶಾಲೆಗೆ ಹೊರರಾಜ್ಯದ ಮಕ್ಕಳು ಬಂದಿದ್ದಾರೆ. ಕನ್ನಡ ಬರಲ್ಲ, ಸುಮ್ನೆ ಕೂತಿರುತ್ತಾರೆ. ನಾವೇನಾದ್ರೂ ಮಾಡಬಹುದಾ?" ಖಂಡಿತ ಮಾಡಬಹುದು. ಬಿ.ಎಡ್. ಆಗಿರಬೇಕಿಲ್ಲ. ಹಿಂದಿ ಚೆನ್ನಾಗಿ ಬರಬೇಕು ಅಂತಲೂ ಇಲ್ಲ. ಆದರೆ ಎಲ್ಲಿಂದ ಶುರು ಮಾಡಬೇಕು, ಎಲ್ಲಿ ಎಡವುತ್ತಾರೆ ಅನ್ನುವುದು ಮೊದಲೇ ಗೊತ್ತಿದ್ದರೆ ಒಳ್ಳೆಯದು. ಅದಕ್ಕೇ ಈ ಬರಹ.

ಇಂಥ ಕೆಲಸ ಮಾಡುವವರನ್ನು ಪಿಯರ್ ಮೆಂಟರ್ ಅನ್ನುತ್ತಾರೆ. ಅಂದರೆ ಮಕ್ಕಳಿಗಿಂತ ತೀರಾ ದೊಡ್ಡವರಲ್ಲದ, ಹೊಸ ಜಾಗದಲ್ಲಿ ಜೊತೆಗಿದ್ದು ದಾರಿ ತೋರಿಸುವ ಅಕ್ಕ ಅಥವಾ ಅಣ್ಣ. ಇಲ್ಲಿ ಜೊತೆಗಾರ ಅಂತಲೇ ಕರೆಯುತ್ತೇನೆ. ಜೊತೆಗಾರರು ಮೇಷ್ಟ್ರ ಕೆಲಸ ಮಾಡುವುದಿಲ್ಲ, ಟ್ಯೂಷನ್ನೂ ಕೊಡುವುದಿಲ್ಲ. ಮಗು ಶಾಲೆ ಬಿಡದ ಹಾಗೆ ನೋಡಿಕೊಳ್ಳುವುದೇ ಅವರ ಮುಖ್ಯ ಕೆಲಸ. ಪಾಠ ಆಮೇಲೆ.

ಮೊದಲು ತೋಟದ ಲೆಕ್ಕ ತಿಳಿದುಕೊಳ್ಳಿ

ನಮ್ಮ ಶಾಲೆಗಳು ಮೇ ಕೊನೆಗೆ ತೆರೆದು ಏಪ್ರಿಲ್‌ನಲ್ಲಿ ಮುಗಿಯುತ್ತವೆ. ಕಾಫಿಯ ಲೆಕ್ಕವೇ ಬೇರೆ. ಅರೇಬಿಕಾ ಹಣ್ಣು ನವೆಂಬರ್‌ನಿಂದ ಜನವರಿವರೆಗೆ ಕುಯ್ಯುತ್ತಾರೆ, ರೊಬಸ್ಟಾ ಜನವರಿಯಿಂದ ಮಾರ್ಚ್‌ವರೆಗೆ. ಕುಯ್ಲಿಗೆ ಬಂದ ಸಂಸಾರದ ಮಗು ಶಾಲೆ ಮೆಟ್ಟಿಲು ಹತ್ತುವಾಗ ಅರ್ಧ ಪುಸ್ತಕ ಮುಗಿದಿರುತ್ತದೆ. ಪರೀಕ್ಷೆಗೆ ಮುಂಚೆಯೇ ಅದು ಊರಿಗೆ ಹೊರಟರೂ ಹೊರಟೀತು. ಇನ್ನು ಕೆಲವು ಸಂಸಾರಗಳು ಕಳೆ, ಕಸಿ, ಮೆಣಸು ಅಂತ ವರ್ಷಪೂರ್ತಿ ಇಲ್ಲೇ ಇರುತ್ತವೆ. ನಿಮ್ಮ ಪಾಲಿಗೆ ಬಂದ ಮಗು ಇವೆರಡರಲ್ಲಿ ಯಾವ ಗುಂಪಿಗೆ ಸೇರಿದ್ದು ಅಂತ ಮೊದಲ ವಾರದಲ್ಲೇ ಕೇಳಿ ತಿಳಿಯಿರಿ. ನಾಲ್ಕು ತಿಂಗಳಿರುವ ಮಗುವಿಗೆ ಮಾತು, ಲೆಕ್ಕ, ಕಾಗದಪತ್ರ ಸಾಕು. ಇಲ್ಲೇ ಉಳಿಯುವ ಮಗುವಿಗೆ ಕನ್ನಡ ಓದು ಬರಹ ಗಟ್ಟಿಯಾಗಿ ಬರಬೇಕು.

ಇನ್ನೊಂದು ವಿಷಯ. ಊರಿನವರು ಎಲ್ಲರನ್ನೂ "ಅಸ್ಸಾಮಿನವರು" ಅಥವಾ "ಹಿಂದಿಯವರು" ಅಂದುಬಿಡುತ್ತಾರೆ. ಹಾಗೆ ಒಂದೇ ಬುಟ್ಟಿಗೆ ಹಾಕಬೇಡಿ. ಅಸ್ಸಾಂ, ಪಶ್ಚಿಮ ಬಂಗಾಳ, ಜಾರ್ಖಂಡ್, ಒಡಿಶಾ, ಬಿಹಾರ ಹೀಗೆ ನಾನಾ ಕಡೆಯಿಂದ ಬರುತ್ತಾರೆ. ಅಸ್ಸಾಮಿನಿಂದ ಬಂದ ಮಗುವಿನ ಮನೆಮಾತು ಅಸ್ಸಾಮಿ ಇರಬಹುದು, ಬಂಗಾಳಿ ಇರಬಹುದು, ಅಲ್ಲಿನ ಚಹಾ ತೋಟಗಳಲ್ಲಿ ಆಡುವ ಸಾದ್ರಿ ಇರಬಹುದು. ಜಾರ್ಖಂಡ್‌ನ ಮಗು ಸಂತಾಲಿಯೋ ಮುಂಡಾರಿಯೋ ಆಡಬಹುದು. ನಿಮಗೆ ಅರ್ಧಂಬರ್ಧ ಬರುವ ಹಿಂದಿ ಆ ಮಗುವಿಗೂ ಅರ್ಧಂಬರ್ಧವೇ. ರಾಯಚೂರು, ಕೊಪ್ಪಳ ಕಡೆಯಿಂದ ಬಂದ ಮಕ್ಕಳನ್ನೂ ಮರೆಯಬೇಡಿ. ಅವರಿಗೆ ಕನ್ನಡ ಬರುತ್ತದೆ ಅಂತ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಆದರೆ ಅವರ ಮಾತಿನ ಧಾಟಿ ಕೇಳಿ ತರಗತಿ ನಕ್ಕರೆ ಅವರೂ ಬಾಯಿ ಮುಚ್ಚಿಕೊಳ್ಳುತ್ತಾರೆ.

1. ಶಾಲೆಯಿಂದ ಶುರು ಮಾಡಿ

ನೇರವಾಗಿ ತೋಟಕ್ಕೆ ಹೋಗಬೇಡಿ. ಮೊದಲು ಮುಖ್ಯಶಿಕ್ಷಕರನ್ನು ಕಾಣಿ. ನೀವು ಯಾರು, ಯಾವ ಕಾಲೇಜು, ವಾರದಲ್ಲಿ ಯಾವ ದಿನ ಎಷ್ಟು ಹೊತ್ತು ಬರುತ್ತೀರಿ, ಯಾವ ತಿಂಗಳವರೆಗೆ ಬರುತ್ತೀರಿ ಅಂತ ಕನ್ನಡದಲ್ಲಿ ಒಂದು ಪುಟದ ಪತ್ರ ಬರೆದು ಕೊಡಿ. ಕಾಲೇಜಿನ ಗುರುತಿನ ಚೀಟಿಯ ಪ್ರತಿ, ಪ್ರಾಂಶುಪಾಲರ ಒಪ್ಪಿಗೆ ಪತ್ರ ಜೊತೆಗಿರಲಿ. ಎಸ್‌ಡಿಎಂಸಿ ಅಧ್ಯಕ್ಷರಿಗೂ ಒಂದು ಮಾತು ಹೇಳಿ. ಎಸ್‌ಡಿಎಂಸಿ ಅಂದರೆ ಹೆಚ್ಚಾಗಿ ಪೋಷಕರೇ ಇರುವ ಶಾಲಾ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ. ಊರಿನಲ್ಲಿ ಯಾರಾದರೂ "ಇವರ್ಯಾರು?" ಅಂದಾಗ ನಿಮ್ಮ ಪರ ಮಾತಾಡುವವರು ಅವರೇ.

ನೀವು ಎನ್‌ಎಸ್‌ಎಸ್‌ನಲ್ಲಿದ್ದರೆ (ಕಾಲೇಜಿನ ರಾಷ್ಟ್ರೀಯ ಸೇವಾ ಯೋಜನೆ) ಕಾರ್ಯಕ್ರಮಾಧಿಕಾರಿಗೆ ಮೊದಲೇ ತಿಳಿಸಿ. ವರ್ಷಕ್ಕೆ 120 ಗಂಟೆ ಸೇವೆ ಮಾಡಬೇಕಲ್ವಾ, ಅವರು ಒಪ್ಪಿದರೆ ಈ ಕೆಲಸ ಆ ಲೆಕ್ಕಕ್ಕೆ ಸೇರುತ್ತದೆ. ಕಾಲೇಜು ಮುಗಿಸಿದವರು ಕೇಂದ್ರ ಸರ್ಕಾರದ ವಿದ್ಯಾಂಜಲಿ ಜಾಲತಾಣದಲ್ಲಿ ಹೆಸರು ನೋಂದಾಯಿಸಬಹುದು. ಅದು ಸರ್ಕಾರಿ ಶಾಲೆಗಳಿಗೆ ಸ್ವಯಂಸೇವಕರನ್ನು ಜೋಡಿಸುವ ವ್ಯವಸ್ಥೆ.

ಒಬ್ಬರು ಒಂದು ಮಗುವನ್ನು, ಹೆಚ್ಚೆಂದರೆ ಇಬ್ಬರನ್ನು ನೋಡಿಕೊಳ್ಳಿ. ಹುಮ್ಮಸ್ಸಿನಲ್ಲಿ ಹತ್ತು ಮಕ್ಕಳನ್ನು ಸಾಲಾಗಿ ಕೂರಿಸಿಕೊಂಡರೆ ಅದು ಇನ್ನೊಂದು ತರಗತಿ ಆಗುತ್ತದೆ, ಬಾಯಿ ಬಿಡದ ಮಗು ಅಲ್ಲೂ ಹಿಂದೆಯೇ ಕೂರುತ್ತದೆ. ವಾರಕ್ಕೆ ಎರಡು ದಿನ ಸಾಕು. ಶನಿವಾರ ಬೆಳಗಿನ ಶಾಲೆ ಬಿಟ್ಟ ಮೇಲಿನ ಒಂದು ಗಂಟೆ ಅನುಕೂಲ. ಆದರೆ ಒಪ್ಪಿಕೊಂಡ ದಿನ ತಪ್ಪಿಸಬೇಡಿ. ಬಸ್ಸಿಳಿಯುವ ದಾರಿಯನ್ನೇ ನೋಡುತ್ತಾ ಗೇಟಿನ ಹತ್ತಿರ ನಿಂತಿರುವ ಮಗುವಿಗೆ ನೀವು ಬರದ ಕಾರಣ ಯಾರೂ ಹೇಳುವುದಿಲ್ಲ. ಬರಲು ಆಗದಿದ್ದರೆ ಹಿಂದಿನ ದಿನವೇ ಶಾಲೆಗೆ ಫೋನ್ ಮಾಡಿ, ಆ ಮಗುವಿಗೇ ತಿಳಿಸಲು ಹೇಳಿ.

2. ದಾಖಲಾತಿ ಆಗಿದೆಯಾ ನೋಡಿ

ಎಷ್ಟೋ ಮಕ್ಕಳು ಶಾಲೆಗೆ ಬರುತ್ತಿರುತ್ತಾರೆ, ಹೆಸರು ಮಾತ್ರ ಹಾಜರಿ ಪುಸ್ತಕದಲ್ಲಿ ಇರುವುದಿಲ್ಲ. "ಟಿ.ಸಿ. ತಂದಿಲ್ಲ, ಆಧಾರ್ ಇಲ್ಲ, ಜೂನ್‌ನಲ್ಲಿ ಬರಲಿಲ್ಲ" ಅನ್ನುವುದು ಸಾಮಾನ್ಯವಾಗಿ ಕೇಳಿಬರುವ ಕಾರಣ. ಕಾನೂನು ಹಾಗೆ ಹೇಳುವುದಿಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆ 6ರಿಂದ 14 ವರ್ಷದ ಪ್ರತಿ ಮಗುವಿಗೂ ಅನ್ವಯಿಸುತ್ತದೆ. ಬೇರೆ ಶಾಲೆಯಿಂದ ವರ್ಗಾವಣೆ ಪತ್ರ ಬರುವುದು ತಡವಾಯಿತು ಅಂತ ದಾಖಲಾತಿ ತಡೆಯುವಂತಿಲ್ಲ (5ನೇ ಕಲಂ). ವಯಸ್ಸಿನ ದಾಖಲೆ ಇಲ್ಲ ಅಂತ ನಿರಾಕರಿಸುವಂತಿಲ್ಲ (14ನೇ ಕಲಂ). ವರ್ಷದ ಮಧ್ಯೆ ಬಂದರೂ ಸೇರಿಸಿಕೊಳ್ಳಲೇಬೇಕು (15ನೇ ಕಲಂ). ಮಗುವನ್ನು ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿ, ಹಿಂದುಳಿದದ್ದನ್ನು ತುಂಬಲು ವಿಶೇಷ ತರಬೇತಿ ಕೊಡಬೇಕು ಅಂತ 4ನೇ ಕಲಂ ಹೇಳುತ್ತದೆ. ಆಧಾರ್ ಇಲ್ಲದ ಕಾರಣಕ್ಕೆ ಶಾಲೆಯ ಪ್ರವೇಶ ನಿರಾಕರಿಸಬಾರದು ಅಂತ ಸುಪ್ರೀಂ ಕೋರ್ಟ್ 2018ರ ತೀರ್ಪಿನಲ್ಲಿ ಹೇಳಿದೆ.

ಇದನ್ನು ಹೇಳುವ ರೀತಿ ಮುಖ್ಯ. ಕಲಂ ನಂಬರ್ ಹಿಡಿದು ಮೇಷ್ಟ್ರ ಮುಂದೆ ವಾದಕ್ಕೆ ನಿಲ್ಲಬೇಡಿ. ಹೆಚ್ಚಿನ ಶಿಕ್ಷಕರಿಗೆ ಸೇರಿಸಿಕೊಳ್ಳುವ ಮನಸ್ಸಿದೆ. ಅವರ ನಿಜವಾದ ತೊಂದರೆ ಕಂಪ್ಯೂಟರಿನಲ್ಲಿ. ನಮ್ಮ ರಾಜ್ಯದಲ್ಲಿ ಪ್ರತಿ ವಿದ್ಯಾರ್ಥಿಯ ವಿವರ ಎಸ್‌ಎಟಿಎಸ್ ತಂತ್ರಾಂಶದಲ್ಲಿ ಏರಬೇಕು. ದೇಶದ ಮಟ್ಟದಲ್ಲಿ ಯುಡೈಸ್ ಇದೆ, ಅದರಲ್ಲಿ ಪ್ರತಿ ಮಗುವಿಗೂ ಪೆನ್ ಅನ್ನುವ ಕಾಯಂ ಸಂಖ್ಯೆ ಇರುತ್ತದೆ. ಮಗು ಊರಿನಲ್ಲಿ ಶಾಲೆಗೆ ಹೋಗಿದ್ದರೆ ಆ ಸಂಖ್ಯೆ ಅಲ್ಲಿನ ಶಾಲೆಯಲ್ಲಿ ಸಿಗುತ್ತದೆ. ಅಪ್ಪ ಅಮ್ಮನಿಂದ ಹಳೇ ಶಾಲೆಯ ಹೆಸರು, ಫೋನ್ ನಂಬರ್ ಪಡೆದು ಮುಖ್ಯಶಿಕ್ಷಕರಿಗೆ ಕೊಡಿ. ನೀವು ಮಾಡಬಹುದಾದ ದೊಡ್ಡ ಉಪಕಾರ ಇದು. ಅಷ್ಟಾದರೂ ಆಗದಿದ್ದರೆ ಸಿಆರ್‌ಪಿ (ಹತ್ತಾರು ಶಾಲೆಗಳ ಉಸ್ತುವಾರಿ ನೋಡುವ ಸಂಪನ್ಮೂಲ ವ್ಯಕ್ತಿ), ಅವರಿಂದಲೂ ಆಗದಿದ್ದರೆ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿ.

ಹೆಸರಿನ ಕಾಗುಣಿತ ನಿಂತು ನೋಡಿ. ಬಂಗಾಳಿ ಮಗು "ಬಿಕಾಶ್" ಅನ್ನುತ್ತದೆ, ನಮ್ಮ ಕಿವಿಗೆ ಅದು "ವಿಕಾಸ್", ದಾಖಲೆಗೆ ಹೋಗುವಾಗ ಇನ್ನೇನೋ ಆಗಿರುತ್ತದೆ. ಜನನ ಪತ್ರದಲ್ಲೋ ಹಳೇ ಶಾಲೆಯ ಅಂಕಪಟ್ಟಿಯಲ್ಲೋ ಇರುವ ಇಂಗ್ಲಿಷ್ ಅಕ್ಷರಗಳನ್ನೇ ಹಾಗ್ಹಾಗೇ ಇಳಿಸಲು ಹೇಳಿ. ಒಂದು ಅಕ್ಷರ ಬದಲಾದರೂ ಮುಂದೆ ವರ್ಗಾವಣೆ, ವಿದ್ಯಾರ್ಥಿವೇತನ ಎಲ್ಲಕ್ಕೂ ತೊಡಕು.

ಇಲ್ಲೊಂದು ಎಚ್ಚರಿಕೆ. ಈ ಸಂಸಾರಗಳು ಎಲ್ಲಿಯವರು, ಯಾವ ದೇಶದವರು ಅಂತ ಊರಿನಲ್ಲಿ ಮಾತು ಎದ್ದಾಗ ಆ ವಿಚಾರಣೆಗೆ ನೀವು ಇಳಿಯಬೇಡಿ. ಗುರುತಿನ ಚೀಟಿ ಕೇಳುವುದು, ಅದರ ಫೋಟೊ ತೆಗೆದಿಟ್ಟುಕೊಳ್ಳುವುದು ಜೊತೆಗಾರರ ಕೆಲಸ ಅಲ್ಲ. ಒಮ್ಮೆ ಹಾಗೆ ಮಾಡಿದರೆ ಮಾರನೇ ದಿನದಿಂದ ಮಗು ಶಾಲೆಗೆ ಬರುವುದಿಲ್ಲ.

3. ಮೊದಲ ವಾರ: ಹೆಸರು, ಶೌಚಾಲಯ, ಊಟ

ಮಗುವಿನ ಹೆಸರನ್ನು ಅದರ ಬಾಯಲ್ಲೇ ಮೂರು ನಾಲ್ಕು ಸಲ ಹೇಳಿಸಿ, ಹಾಗೇ ಕರೆಯಲು ಕಲಿಯಿರಿ. ಆಮೇಲೆ ಶಾಲೆಯ ಸುತ್ತ ಒಂದು ಸುತ್ತು ಹಾಕಿಸಿ. ಶೌಚಾಲಯ ಎಲ್ಲಿದೆ, ಕುಡಿಯುವ ನೀರು ಎಲ್ಲಿದೆ, ತಟ್ಟೆ ಎಲ್ಲಿ ತೊಳೆಯಬೇಕು, ಯಾವ ಗಂಟೆ ಹೊಡೆದರೆ ಏನು ಅಂತ ಮಾತಿಲ್ಲದೆ ತೋರಿಸಿದರೂ ಆಗುತ್ತದೆ. ಕೇಳಲು ಬಾರದೆ ಇಡೀ ದಿನ ಒತ್ತಿ ಹಿಡಿದುಕೊಂಡು ಕೂರುವ ಮಕ್ಕಳಿದ್ದಾರೆ, ಅದರಲ್ಲೂ ಹೆಣ್ಣುಮಕ್ಕಳು. ಹಾಗಾಗಿ ಕಲಿಸುವ ಮೊದಲ ಕನ್ನಡ ಅ ಆ ಇ ಈ ಅಲ್ಲ. "ಹೊರಗೆ ಹೋಗಬೇಕು", "ನೀರು ಬೇಕು", "ಹೊಟ್ಟೆ ನೋಯ್ತಿದೆ", "ಗೊತ್ತಾಗಲಿಲ್ಲ", "ಇನ್ನೊಂದು ಸಲ ಹೇಳಿ", "ಅವನು ಹೊಡೆದ". ಈ ಆರು ಮಾತು ಮೊದಲ ದಿನವೇ ಬರಲಿ.

ಬಿಸಿಯೂಟದ ಹೊತ್ತಿಗೆ ಒಂದು ದಿನವಾದರೂ ಪಕ್ಕದಲ್ಲಿ ಕೂರಿ. ಅನ್ನ ಎಲ್ಲರಿಗೂ ಪರಿಚಯ. ಸಾಸಿವೆ ಎಣ್ಣೆಯ ಅಡುಗೆ ತಿಂದು ಬೆಳೆದ ಮಗುವಿಗೆ ನಮ್ಮ ಸಾಂಬಾರ್ ಹೊಸದು, ಹಾಲಿಗೆ ಬೆರೆಸಿ ಕೊಡುವ ರಾಗಿ ಮಾಲ್ಟ್ ಇನ್ನೂ ಹೊಸದು. ಎರಡು ದಿನ ತಟ್ಟೆಯಲ್ಲಿ ಬಿಟ್ಟರೆ "ಹಟಮಾರಿ" ಅನ್ನುವ ಹೆಸರು ಅಂಟಿಕೊಳ್ಳುತ್ತದೆ. ಅಡುಗೆಯ ಅಮ್ಮಂದಿರಿಗೆ ಹೇಳಿ, ಮೊದಲು ಸ್ವಲ್ಪ ಸ್ವಲ್ಪ ಬಡಿಸಲಿ.

4. ಮಾತು ಮತ್ತು ಅಕ್ಷರ

ಹೆಚ್ಚು ಕೆಲಸ ಇರುವುದು ಇಲ್ಲಿ. ಒಂದು ಒಳ್ಳೆಯ ಸುದ್ದಿಯಿಂದ ಶುರು ಮಾಡೋಣ. ಮಗು ಬಂಗಾಳಿ, ಅಸ್ಸಾಮಿ, ಒಡಿಯಾ, ಹಿಂದಿ ಯಾವುದರಲ್ಲಿ ಅಕ್ಷರ ಕಲಿತಿದ್ದರೂ ಅಲ್ಲಿಯೂ ಕ ಖ ಗ ಘ ಅನ್ನುವ ಅದೇ ವರಸೆ ಇದೆ. ಕಾಗುಣಿತದ ಕ್ರಮವೂ ಹೆಚ್ಚುಕಡಿಮೆ ಅದೇ. ಹೀಗಾಗಿ ನಾಲ್ಕನೇ ತರಗತಿಯ ಮಗುವಿಗೆ ಅಕ್ಷರ ಹೊಸದಾಗಿ ಕಲಿಸಬೇಕಿಲ್ಲ, ಗೊತ್ತಿರುವ ಅಕ್ಷರದ ಕನ್ನಡ ರೂಪ ತೋರಿಸಿದರೆ ಸಾಕು. ಒಂದು ಪುಸ್ತಕದಲ್ಲಿ ನಡುವೆ ಗೆರೆ ಎಳೆಯಿರಿ. ಎಡಗಡೆ ಮಗು ತನ್ನ ಲಿಪಿಯಲ್ಲಿ ಬರೆಯಲಿ, ಬಲಗಡೆ ನೀವು ಕನ್ನಡದಲ್ಲಿ ಬರೆಯಿರಿ. ಕ ಎದುರು ಕ, ಖ ಎದುರು ಖ. ಆಮೇಲೆ ಅದೇ ಪುಸ್ತಕದಲ್ಲಿ ಪದಗಳು. ಮಗು ತನಗೆ ಬರುವುದನ್ನು ನಿಮಗೆ ಕಲಿಸುತ್ತಾ ಕಲಿಯುತ್ತದೆ. ನೀವು ಅದರ ಲಿಪಿಯಲ್ಲಿ ನಿಮ್ಮ ಹೆಸರು ಬರೆಯಲು ಒದ್ದಾಡುವುದನ್ನು ಅದು ನೋಡಲಿ.

ಊರಿನಲ್ಲೂ ಶಾಲೆಯ ಮುಖ ನೋಡಿರದ ಮಗುವಾದರೆ ಹೀಗಾಗದು. ಅಂಥವರಿಗೆ ಚಿಕ್ಕ ತರಗತಿಗಳ ನಲಿ ಕಲಿ ಕಾರ್ಡುಗಳನ್ನು ಶಿಕ್ಷಕರಿಂದ ಕೇಳಿ ಪಡೆಯಿರಿ. ಅವು ಚಿತ್ರ, ಹಾಡು, ಆಟದ ಮೂಲಕ ಕಲಿಸಲು ಸರ್ಕಾರವೇ ಮಾಡಿಸಿರುವ ಸಾಮಗ್ರಿ.

ಉಚ್ಚಾರದಲ್ಲಿ ಕೆಲವು ಕಡೆ ಎಡವುವುದು ಖಚಿತ, ಅದರ ಕಾರಣ ಗೊತ್ತಿರಲಿ. ಬಂಗಾಳಿ, ಅಸ್ಸಾಮಿಯಲ್ಲಿ ಅಕಾರ ಒಕಾರದ ಹಾಗೆ ಕೇಳುತ್ತದೆ. "ಮರ" ಅನ್ನುವುದನ್ನು "ಮೊರ್" ಅಂದರೆ ಗಾಬರಿಯಾಗಬೇಡಿ. ಅಸ್ಸಾಮಿ ಆಡುವ ಮಗುವಿಗೆ ತ ಮತ್ತು ಟ, ದ ಮತ್ತು ಡ ಒಂದೇ ಥರ. ಚ ಅನ್ನು ಸ ಅನ್ನುತ್ತದೆ. ಹಿಂದಿಯ ಮಗುವಿಗೆ ಎ ಮತ್ತು ಏ, ಒ ಮತ್ತು ಓ ವ್ಯತ್ಯಾಸ ಸುಲಭವಾಗಿ ಕೇಳಿಸುವುದಿಲ್ಲ. ಒಡಿಯಾ ಮಕ್ಕಳಿಗೆ ಮಾತ್ರ ನಮ್ಮ ಳ, ಣ ಎರಡೂ ಸಲೀಸು, ಅವರ ಭಾಷೆಯಲ್ಲೂ ಅವು ಇವೆ. ಪ್ರತಿ ತಪ್ಪನ್ನೂ ತಡೆದು ತಿದ್ದಬೇಡಿ. ಮಗು "ನೀರ್ ಬೇಕು" ಅಂದರೆ ನೀವು "ನೀರು ಬೇಕಾ? ತಗೋ ನೀರು" ಅನ್ನಿ. ಸರಿಯಾದದ್ದು ಕಿವಿಗೆ ಬಿದ್ದರೆ ಸಾಕು.

ಇನ್ನೊಂದು: ಮಕ್ಕಳು ಕನ್ನಡ ಕಲಿಯುವುದು ಮೈದಾನದಲ್ಲಿ. ಅಲ್ಲಿ ಎಲ್ಲರೂ "ನೀನು", "ಬಾರೋ". ಅದೇ ಮಾತನ್ನು ಮೇಡಂ ಹತ್ತಿರ ಆಡಿ ಬೈಸಿಕೊಳ್ಳುತ್ತಾರೆ. ಇದು ಉದ್ಧಟತನ ಅಲ್ಲ ಅಂತ ಶಿಕ್ಷಕರಿಗೆ ಮೊದಲೇ ಹೇಳಿಟ್ಟಿರಿ.

ಗಣಿತ ಬೇರೆ ಕಥೆ. ಭಾಷೆ ಬಾರದ ಮಗು ಬೇಗ ತಲೆ ಎತ್ತಿ ಕೂರುವುದು ಲೆಕ್ಕದ ತಾಸಿನಲ್ಲಿ, ಹಾಗಾಗಿ ಅದಕ್ಕೆ ಜಾಸ್ತಿ ಸಮಯ ಕೊಡಿ. ಆದರೆ ಇಲ್ಲೊಂದು ಬಲೆ ಇದೆ. ಬಂಗಾಳಿ ಮತ್ತು ಅಸ್ಸಾಮಿಯಲ್ಲಿ ಬರೆಯುವ ನಾಲ್ಕು ನೋಡಲು ನಮ್ಮ ಪುಸ್ತಕದ 8ರ ಹಾಗೆ ಇರುತ್ತದೆ, ಏಳು 9ರ ಹಾಗೆ. 2 + 2 ಎಷ್ಟು ಅಂದರೆ ಮಗು ಸರಿಯಾಗಿಯೇ ಲೆಕ್ಕ ಮಾಡಿ ತನ್ನ ನಾಲ್ಕನ್ನು ಬರೆಯುತ್ತದೆ. ಮೇಷ್ಟ್ರಿಗೆ ಕಾಣುವುದು 8, ಬೀಳುವುದು ತಪ್ಪು ಗುರುತು. ಯಾಕೆ ತಪ್ಪು ಅಂತ ಮಗುವಿಗೆ ಗೊತ್ತಾಗುವುದೇ ಇಲ್ಲ. ಮೊದಲ ದಿನವೇ 1ರಿಂದ 10ರವರೆಗೆ ಎರಡೂ ರೀತಿ ಬರೆಸಿ ಗೋಡೆಗೆ ಅಂಟಿಸಿ, ಶಿಕ್ಷಕರಿಗೂ ತೋರಿಸಿ. ಎಣಿಕೆಯ ಹೆಸರುಗಳು ನಮ್ಮಲ್ಲಿ ಸುಲಭ. ಹಿಂದಿ, ಬಂಗಾಳಿಯಲ್ಲಿ ನೂರರವರೆಗಿನ ಒಂದೊಂದನ್ನೂ ಬಾಯಿಪಾಠ ಮಾಡಬೇಕು. ನಮ್ಮಲ್ಲಿ ಇಪ್ಪತ್ತು ಗೊತ್ತಿದ್ದರೆ ಇಪ್ಪತ್ತೊಂದು, ಇಪ್ಪತ್ತೆರಡು ತಾನಾಗಿ ಬರುತ್ತದೆ. ಇದನ್ನು ಹಿಡಿದ ಮಕ್ಕಳು ಖುಷಿಯಿಂದ ತೊಂಬತ್ತೊಂಬತ್ತರವರೆಗೂ ಓಡುತ್ತಾರೆ.

5. ತರಗತಿಯೊಳಗೆ ಒಬ್ಬ ಗೆಳೆಯ

ನೀವು ವಾರಕ್ಕೆ ಎರಡು ದಿನ. ಉಳಿದ ದಿನ ಯಾರು? ಪಕ್ಕದಲ್ಲಿ ಕೂರುವ ಇಲ್ಲಿನದೇ ಮಗು. ತರಗತಿಯ ಜಾಣ ವಿದ್ಯಾರ್ಥಿಯನ್ನೇ ಆರಿಸಬೇಡಿ, ಮಾತು ಜಾಸ್ತಿ ಆಡುವ, ಆಟಕ್ಕೆ ಎಲ್ಲರನ್ನೂ ಕರೆಯುವ ಮಗುವನ್ನು ಆರಿಸಿ. ಲಗೋರಿ, ಕಬಡ್ಡಿ, ಖೋ ಖೋ ಗುಂಪಿಗೆ ಸೇರಿಸಿಕೊಂಡರೆ ಅರ್ಧ ಕೆಲಸ ಆದಂತೆ. ಹೊಸ ಮಗುವಿನ ಊರಿಂದಲೇ ಮುಂಚೆ ಬಂದು ಕನ್ನಡ ಕಲಿತ ಮಗು ಇದ್ದರೆ ಅದನ್ನು ಪೂರ್ತಿ ದುಭಾಷಿ ಮಾಡಿಬಿಡುವ ಆಸೆ ಎಲ್ಲರಿಗೂ ಬರುತ್ತದೆ. ಬೇಡ. ಅದಕ್ಕೂ ಅದರ ಪಾಠ ಇದೆ.

6. ಲೈನ್ ಮನೆಗೆ ಹೋಗುವಾಗ

ಮಗು ಎರಡು ಮೂರು ದಿನ ಬರದಿದ್ದರೆ ಮನೆಗೆ ಹೋಗಿ ನೋಡಬೇಕಾಗುತ್ತದೆ. ಕೂಲಿಗಳಿಗೆ ಸಾಲಾಗಿ ಕಟ್ಟಿಸಿದ ಲೈನ್ ಮನೆ ಇರುವುದು ತೋಟದೊಳಗೆ, ಅದು ಖಾಸಗಿ ಜಾಗ. ತೋಟದ ಮಾಲೀಕರಿಗೋ ಲೆಕ್ಕಪತ್ರ ನೋಡುವ ರೈಟರಿಗೋ ಮೊದಲೇ ತಿಳಿಸಿ, ಶಿಕ್ಷಕರೊಬ್ಬರ ಜೊತೆ ಹೋಗಿ. ಕುಯ್ಲಿನ ದಿನ ಹಗಲು ಯಾರೂ ಸಿಗುವುದಿಲ್ಲ. ಹಲವು ತೋಟಗಳಲ್ಲಿ ಸಂತೆ ದಿನ ರಜೆ, ಅವತ್ತು ಬೆಳಿಗ್ಗೆ ಸಿಗುತ್ತಾರೆ. ಸಂಬಳ, ಮುಂಗಡ, ಮೇಸ್ತ್ರಿ ಜೊತೆಗಿನ ಜಗಳ ಇವುಗಳ ಮಾತು ಬಂದರೆ ಕೇಳಿಸಿಕೊಳ್ಳಿ, ತೀರ್ಪು ಕೊಡಲು ಹೋಗಬೇಡಿ.

ಸಂಜೆ ಮಾಡಿಕೊಳ್ಳಬೇಡಿ. ಸಕಲೇಶಪುರ, ಆಲೂರು, ಬೇಲೂರು, ಮೂಡಿಗೆರೆ ಭಾಗದಲ್ಲಿ ಕಾಡಾನೆಗಳು ತೋಟದೊಳಗೇ ಓಡಾಡುತ್ತವೆ. ಆನೆ ಎಲ್ಲಿದೆ ಅಂತ ಊರಿನವರನ್ನು ಕೇಳದೆ ತೋಟದ ರಸ್ತೆಗೆ ಇಳಿಯಬೇಡಿ, ಬೈಕಿನಲ್ಲಂತೂ ಬೇಡವೇ ಬೇಡ. ಮಕ್ಕಳು ಅದೇ ದಾರಿಯಲ್ಲಿ ನಡೆದು ಬರುತ್ತಾರೆ ಅನ್ನುವುದೂ ನೆನಪಿರಲಿ. ಆನೆ ಇದ್ದ ದಿನ ಶಾಲೆ ತಪ್ಪಿಸಿದ್ದಕ್ಕೆ ಬೈಯಬಾರದು.

ಶಾಲೆ ತಪ್ಪಲು ನಾನು ಹೆಚ್ಚು ಕಂಡಿರುವ ಕಾರಣ ಕಂಕುಳಲ್ಲಿ ಇರುವ ತಮ್ಮ ಅಥವಾ ತಂಗಿ. ಅಪ್ಪ ಅಮ್ಮ ಹಣ್ಣು ಕುಯ್ಯಲು ಹೋದರೆ ಹತ್ತು ವರ್ಷದ ಅಕ್ಕನೇ ಮನೆ ನೋಡಿಕೊಳ್ಳಬೇಕು. ಅಂಥ ಮನೆಯಲ್ಲಿ "ಶಾಲೆಗೆ ಕಳಿಸಿ" ಅಂತ ಎಷ್ಟು ಹೇಳಿದರೂ ಫಲವಿಲ್ಲ. ಚಿಕ್ಕ ಮಗುವಿಗೆ ಮೂರು ವರ್ಷ ಆಗಿದ್ದರೆ ಅಂಗನವಾಡಿಗೆ ಸೇರಿಸಿ. ಕಾರ್ಯಕರ್ತೆಯನ್ನು ನೀವೇ ಕಂಡು ಮಾತಾಡಿ. ಅದಕ್ಕಿಂತ ಚಿಕ್ಕದಾದರೆ ಗ್ರಾಮ ಪಂಚಾಯಿತಿಯಲ್ಲಿ ಕೂಸಿನ ಮನೆ (ಕೆಲಸಕ್ಕೆ ಹೋಗುವವರ ಚಿಕ್ಕ ಮಕ್ಕಳನ್ನು ನೋಡಿಕೊಳ್ಳುವ ಜಾಗ) ನಡೆಯುತ್ತಿದೆಯಾ, ತೋಟದಲ್ಲೇ ಶಿಶುಪಾಲನೆಗೆ ಜಾಗ ಇದೆಯಾ ವಿಚಾರಿಸಿ. ತಮ್ಮನಿಗೆ ಜಾಗ ಸಿಕ್ಕಿದ ದಿನ ಅಕ್ಕ ಶಾಲೆಗೆ ಬರುತ್ತಾಳೆ. ಮಗುವೇ ಹಣ್ಣು ಕುಯ್ಯುತ್ತಿದ್ದರೆ ವಿಷಯ ಬೇರೆ. 14 ವರ್ಷದೊಳಗಿನವರನ್ನು ಕೆಲಸಕ್ಕೆ ಹಚ್ಚುವುದು ಅಪರಾಧ. ಮುಖ್ಯಶಿಕ್ಷಕರಿಗೆ ತಿಳಿಸಿ.

7. ದಾಟಬಾರದ ಗೆರೆಗಳು

ಮಗುವಿನ ಜೊತೆ ಮುಚ್ಚಿದ ಕೋಣೆಯಲ್ಲಿ ಒಬ್ಬರೇ ಇರಬೇಡಿ, ಜಗಲಿಯಲ್ಲೋ ಮರದ ಕೆಳಗೋ ಎಲ್ಲರಿಗೂ ಕಾಣುವ ಹಾಗೆ ಕೂರಿ. ಬೈಕಿನಲ್ಲಿ ಕೂರಿಸಿಕೊಂಡು ಹೋಗಬೇಡಿ. ಮಕ್ಕಳ ಫೋಟೊ, ವಿಡಿಯೊ ಸ್ಟೇಟಸ್‌ಗೆ ಹಾಕಬೇಡಿ, ಹೆಸರು ಊರು ಬರೆದಂತೂ ಬೇಡ. ದುಡ್ಡು, ಹೊಸ ಬಟ್ಟೆ ಒಂದು ಮಗುವಿಗೆ ಮಾತ್ರ ಕೊಡಬೇಡಿ. ಡಿಸೆಂಬರ್ ಚಳಿಗೆ ಸ್ವೆಟರ್ ಬೇಕು ಅನ್ನಿಸಿದರೆ ಶಾಲೆಯ ಮೂಲಕ ಎಲ್ಲರಿಗೂ ಸಿಗುವ ಹಾಗೆ ಮಾಡಿ.

ಹೊಡೆತ, ಲೈಂಗಿಕ ಕಿರುಕುಳದ ಬಗ್ಗೆ ಮಗು ಏನಾದರೂ ಹೇಳಿದರೆ ಪೂರ್ತಿ ಕೇಳಿಸಿಕೊಳ್ಳಿ. "ಯಾರಿಗೂ ಹೇಳಲ್ಲ" ಅಂತ ಮಾತು ಕೊಡಬೇಡಿ, ಯಾಕೆಂದರೆ ನೀವು ಹೇಳಲೇಬೇಕು. ಮಕ್ಕಳ ಮೇಲಿನ ಲೈಂಗಿಕ ಅಪರಾಧ ತಡೆಯುವ 2012ರ ಪೋಕ್ಸೊ ಕಾಯ್ದೆ ಪ್ರಕಾರ ಲೈಂಗಿಕ ಕಿರುಕುಳದ ವಿಷಯ ಗೊತ್ತಾದವರು ಪೊಲೀಸರಿಗೆ ತಿಳಿಸುವುದು ಕಡ್ಡಾಯ. ಮಕ್ಕಳ ಸಹಾಯವಾಣಿ 1098 ಹಗಲು ರಾತ್ರಿ ಇರುತ್ತದೆ, ಉಚಿತ. ನೀವೇ ತನಿಖೆ ಮಾಡಲು, ಮತ್ತೆ ಮತ್ತೆ ಕೆದಕಿ ಕೇಳಲು ಹೋಗಬೇಡಿ.

8. ಊರಿಗೆ ಹೊರಡುವ ಮುಂಚೆ

ಫೆಬ್ರವರಿ ಬರುತ್ತಿದ್ದಂತೆ "ಯಾವಾಗ ಹೊರಡ್ತೀರಿ?" ಅಂತ ಮನೆಯವರನ್ನು ಕೇಳುತ್ತಿರಿ. ರೈಲಿನ ಟಿಕೆಟ್ ಸಿಕ್ಕಿದ ದಿನ ರಾತ್ರೋರಾತ್ರಿ ಹೊರಟುಬಿಡುತ್ತಾರೆ, ಕಾಗದಪತ್ರ ಶಾಲೆಯ ಬೀರುವಿನಲ್ಲೇ ಉಳಿಯುತ್ತದೆ. ಹೊರಡುವ ಎರಡು ವಾರ ಮುಂಚೆ ಮೂರು ಕಾಗದ ಸಿದ್ಧವಾಗಲಿ: ಪೆನ್ ಸಂಖ್ಯೆ ನಮೂದಿಸಿದ ವರ್ಗಾವಣೆ ಪತ್ರ, ಹಾಜರಿಯ ವಿವರ ಇರುವ ವ್ಯಾಸಂಗ ಪತ್ರ, ಮಗು ಏನೇನು ಕಲಿತಿದೆ ಅಂತ ಶಿಕ್ಷಕರು ಬರೆದ ಅರ್ಧ ಪುಟ. ಆ ಕಡೆಯ ಮೇಷ್ಟ್ರಿಗೆ ಕನ್ನಡ ಬರುವುದಿಲ್ಲ, ಹಾಗಾಗಿ ಮೂರನ್ನೂ ಇಂಗ್ಲಿಷಿನಲ್ಲಿ ಬರೆಸಿ, ಮುದ್ರೆ ಹಾಕಿಸಿ, ಪ್ಲಾಸ್ಟಿಕ್ ಕವರಿನಲ್ಲಿಟ್ಟು ಅಮ್ಮನ ಕೈಗೆ ಕೊಡಿ. ಅಪ್ಪನ ಫೋನಿಗೂ ಅದರ ಫೋಟೊ ಕಳಿಸಲು ಮುಖ್ಯಶಿಕ್ಷಕರಿಗೆ ಹೇಳಿ. ಬ್ಯಾಗು ಕಳೆದರೂ ಫೋನಿನಲ್ಲಿ ಉಳಿಯುತ್ತದೆ.

ಮಗುವಿಗೂ ಮೊದಲೇ ಹೇಳಿ, ಕೊನೆಯ ದಿನ ತರಗತಿಯವರೆಲ್ಲ ಸೇರಿ ಬೀಳ್ಕೊಡಲಿ. ಎರಡು ಲಿಪಿಯ ಆ ಪುಸ್ತಕವನ್ನು ಅದೇ ಇಟ್ಟುಕೊಳ್ಳಲಿ.

ಒಂದು ತಿಂಗಳ ಮೇಲೆ ಫೋನ್ ಮಾಡಿ ಶಾಲೆಗೆ ಸೇರಿಸಿದರಾ ಅಂತ ವಿಚಾರಿಸಿ. ಪಶ್ಚಿಮ ಬಂಗಾಳದಲ್ಲಿ ಶಾಲೆಯ ವರ್ಷ ಜನವರಿಗೇ ಶುರುವಾಗುತ್ತದೆ. ಏಪ್ರಿಲ್‌ನಲ್ಲಿ ಹೋದ ಮಗುವಿಗೆ ಅಲ್ಲೂ "ತಡವಾಯಿತು" ಅನ್ನಬಹುದು. ಶಿಕ್ಷಣ ಹಕ್ಕು ಕಾಯ್ದೆಯ 15ನೇ ಕಲಂ ಅಲ್ಲಿಗೂ ಅನ್ವಯಿಸುತ್ತದೆ ಅಂತ ಮನೆಯವರಿಗೆ ತಿಳಿಸಿ. ಬೇಕಿದ್ದರೆ ನಮ್ಮ ಮುಖ್ಯಶಿಕ್ಷಕರಿಂದಲೇ ಆ ಶಾಲೆಗೆ ಫೋನ್ ಮಾಡಿಸಿ. ಮುಂದಿನ ನವೆಂಬರ್‌ಗೆ ಅದೇ ತೋಟಕ್ಕೆ ಬರುವ ಸಂಸಾರವಾದರೆ ಮಗುವಿನ ಹೆಸರು, ತರಗತಿ, ಎಲ್ಲಿಯವರೆಗೆ ಕಲಿತಿದೆ ಅನ್ನುವುದನ್ನು ಬರೆದು ಶಾಲೆಯಲ್ಲಿ ಬಿಟ್ಟಿರಿ. ಆಗ ನಿಮ್ಮ ಡಿಗ್ರಿ ಮುಗಿದಿರಬಹುದು, ಹೊಸದಾಗಿ ಬರುವ ಜೊತೆಗಾರರಿಗೆ ಅದು ಬೇಕಾಗುತ್ತದೆ.